ಗೀಟು ಬೀಳದ ಓಟು

ಅಶೋಕಪುರಂನ ನಮ್ಮ ಬೀದಿಯಿಂದ ವಿಧಾನಸಭೆಗೆ ಹೋದವರು ದೇವಯ್ಯ ಒಬ್ಬರೇ. ಅವರನ್ನು ಗೆಲ್ಲಿಸಿದ್ದು ಅವರ ಅಕ್ಕ ಬೀರಮ್ಮ ಎಂದರೆ ಈಗಿನವರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ತಾಯಿಯಿಲ್ಲದ ತಮ್ಮನನ್ನು ಬೀರಮ್ಮ ಕೂಲಿ ಮಾಡಿ ಓದಿಸಿದ್ದರು. ಐವತ್ತೆರಡರಲ್ಲಿ ದೇವಯ್ಯ ತಕ್ಕಡಿ ಗುರುತಿನಿಂದ ಚುನಾವಣೆಗೆ ನಿಂತರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಕೊಟ್ಟ ಚೀಟಿಯನ್ನು ಬೇಕಾದವರ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಬೀರಮ್ಮ ಬೆಲ್ಲದ ಡಬ್ಬಕ್ಕೆ ತಕ್ಕಡಿ ಚಿತ್ರ ಅಂಟಿಸಿಕೊಂಡು ಮನೆಮನೆಗೆ ಹೋಗಿ ಹೆಂಗಸರಿಗೆ ಕಲಿಸಿದರು.

"ಚೀಟಿ ಮ್ಯಾಲೆ ಒಂದು ಗೀಟೂ ಬೀಳಬಾರ್ದು ಕಣ್ರಮ್ಮ, ಬಿದ್ರೆ ಓಟು ಕೆಟ್ಟೋಯ್ತದೆ. ಮಡಿಚಿ ಅಂಗೇ ಹಾಕ್ಬುಡಿ."

ದೇವಯ್ಯ ಗೆದ್ದರು. ಐವತ್ತೇಳರಲ್ಲೂ ಗೆದ್ದರು. ಬೀದಿಗೆ ನಲ್ಲಿ ಬಂತು. ನಮ್ಮ ಹೆಣ್ಣುಮಕ್ಕಳಿಗೊಂದು ಹಾಸ್ಟೆಲ್ ಕಟ್ಟಿಸಬೇಕೆಂಬುದು ಅವರ ದೊಡ್ಡ ಆಸೆ. ಬೆಂಗಳೂರಿಗೆ ಓಡಾಡಿ ಓಡಾಡಿ ಸವೆದಿದ್ದರು. ಇನ್ನೊಂದು ಸಲ ಗೆದ್ದಿದ್ದರೆ ಅದು ಆಗಿಯೇ ಬಿಡುತ್ತಿತ್ತು.

ಅರವತ್ತೆರಡರಲ್ಲಿ ಪದ್ಧತಿ ಬದಲಾಯಿತು. ಎಲ್ಲರಿಗೂ ಒಂದೇ ಪೆಟ್ಟಿಗೆ. ಗುರುತುಗಳೆಲ್ಲ ಚೀಟಿಯ ಮೇಲೇ ಇರುತ್ತವೆ, ಬೇಕಾದ ಗುರುತಿಗೆ ಮುದ್ರೆ ಒತ್ತಬೇಕು. ದೇವಯ್ಯ ಇದನ್ನು ದೇವರಾಜ ಮೊಹಲ್ಲಾದ ಅಂಗಡಿ ಅಂಗಡಿಗೂ ಹೋಗಿ ವಿವರಿಸಿದರು. ನಮ್ಮ ಬೀದಿಗೆ ಮಾತ್ರ ಬರಲಿಲ್ಲ.

"ನಮ್ಮೋರಿಗೆ ಏನೇಳೋದು? ಅಕ್ಕ ಅವ್ಳೆ, ಅವ್ಳೇ ಹೇಳ್ಕೊಡ್ತಾಳೆ, ಬುಡು," ಅಂದರು.

ಅಕ್ಕನಿಗೆ ಹೇಳುವವರು ಯಾರು? ಆ ಬುದ್ಧಿ ನಮ್ಮಲ್ಲಿ ಒಬ್ಬನಿಗೂ ಬರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಎಣಿಕೆಯ ದಿನ ನಾನು ದೇವಯ್ಯನವರ ಏಜೆಂಟಾಗಿ ಕೂತಿದ್ದೆ. ನಮ್ಮ ಮತಗಟ್ಟೆಯ ಪೆಟ್ಟಿಗೆ ಬಿಚ್ಚಿದಾಗ ನೀಟಾಗಿ ಮಡಿಚಿದ, ಮುದ್ರೆಯೇ ಇಲ್ಲದ ಚೀಟಿಗಳು ಒಂದರ ಹಿಂದೊಂದು ಬಂದವು. ಅಧಿಕಾರಿ ಅವನ್ನೆಲ್ಲ ಬದಿಗೆ ಹಾಕುತ್ತಾ ಹೋದರು. ಆ ರಾಶಿಯಲ್ಲಿ ಅರ್ಧ ಸಿಕ್ಕಿದ್ದರೂ ದೇವಯ್ಯ ಗೆಲ್ಲುತ್ತಿದ್ದರು. ಸೋತರು.

ದೇವಯ್ಯನವರ ಜೊತೆ ಅವರ ಮನೆಗೆ ಬಂದಾಗ ಬೀರಮ್ಮ ಬಾಗಿಲಲ್ಲೇ ಅಳುತ್ತಾ ಕೂತಿದ್ದರು.

"ಯಾರೋ ನಮ್ಮೋರೇ ಕೈ ಕೊಟ್ಬುಟ್ರು ಕಣಪ್ಪ. ನಾನು ಒಂದು ಗೀಟೂ ಬೀಳದಂಗೆ ಹಾಕಿವ್ನಿ. ಬೀದಿ ಹೆಂಗಸ್ರ ಕೈಲೆಲ್ಲ ಅಂಗೇ ಹಾಕ್ಸಿವ್ನಿ."

ನಾನು ಹೇಳಲು ಬಾಯಿ ತೆರೆದೆ. ದೇವಯ್ಯ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು.

"ನೀನು ಸರಿಯಾಗೇ ಹಾಕಿದ್ದೀಯ ಕಣಕ್ಕ," ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಹಾಸ್ಟೆಲ್ ಆಗಲಿಲ್ಲ. ಅರವತ್ತೇಳರಲ್ಲಿ ಮತ್ತೆ ನಿಲ್ಲಿ ಎಂದು ನಾವೆಲ್ಲ ಕಾಡಿದೆವು, ನಾನಂತೂ ಜಗಳವನ್ನೇ ಆಡಿದೆ. ಅವರು ಜಪ್ಪಯ್ಯ ಅನ್ನಲಿಲ್ಲ. ಬೀರಮ್ಮ ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ನಾನು ನಿಂತ್ರೆ ಅಕ್ಕಂಗೆ ಮುದ್ರೆ ಒತ್ತೋದ ಕಲಿಸ್ಬೇಕಾಯ್ತದೆ ಕಣಯ್ಯ."