ನೊಗದ ತುಂಡಿಗೆ ಕಟ್ಟಿದ ಚಾವಿ

ಸಿಂದಗಿಯ ಆ ಡಿಗ್ರಿ ಕಾಲೇಜಿಗೆ ಪ್ರಿನ್ಸಿಪಾಲರು ಐದು ಮಂದಿ ಬಂದರು, ನಾಲ್ಕು ಮಂದಿ ಹೋದರು. ಅಟೆಂಡರ್ ಭೀಮಶ್ಯಾ ಮಾತ್ರ ಇದ್ದಲ್ಲಿಯೇ ಇದ್ದ. ತನ್ನೂರು ಯಂಕಂಚಿಯಿಂದ ಬೆಳಗಿನ ಏಳರ ಬಸ್ಸಿಗೆ ಬಂದು ಗೇಟು ತೆಗೆಯುವವನು ಅವನೇ, ಸಂಜೆ ಎಲ್ಲರೂ ಹೋದ ಮೇಲೆ ಗೇಟು ಹಾಕುವವನೂ ಅವನೇ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಗಳಿಸಿದ ಹೆಮ್ಮೆ ಒಂದೇ ಒಂದು. ಯಾವುದು ಅಂತೀರಿ? ಹೆಣ್ಣುಮಕ್ಕಳ ಶೌಚಾಲಯ. ನಗಬೇಡಿ, ಅವನ ಮುಂದೆ ನಕ್ಕವರು ಯಾರೂ ಎರಡನೆಯ ಸಲ ನಕ್ಕಿಲ್ಲ.

ಅದಕ್ಕೆ ಕಾರಣವಿತ್ತು. ಅವನ ತಾಯಿ ಗುಂಡವ್ವ ಬದುಕಿದ್ದ ತನಕ ತಂಬಿಗೆ ಹಿಡಿದು ಕತ್ತಲಾಗುವುದನ್ನು ಕಾಯ್ದವಳು. ಹಗಲಿಡೀ ಬಿಸಿಲಲ್ಲಿ ಕಂಡವರ ಹೊಲದ ಕಳೆ ತೆಗೆದರೂ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಹಾಕಿದರೆ ಹೋಗಬೇಕಾಗುತ್ತದಲ್ಲ, ಹೋಗುವುದೆಲ್ಲಿಗೆ? ಇದನ್ನು ಕಣ್ಣಾರೆ ಕಂಡು ಬೆಳೆದ ಮಗ, ಕಾಲೇಜಿನಲ್ಲಿ ಹುಡುಗಿಯರಿಗೆಂದು ಬಿಳಿ ಟೈಲ್ಸಿನ ನಾಲ್ಕು ಕೋಣೆ ಎದ್ದು ನಿಂತಾಗ ಅದನ್ನು ತನ್ನ ಸ್ವಂತ ಮನೆಗಿಂತ ಹೆಚ್ಚಾಗಿ ನೋಡಿಕೊಂಡ. ತೊಳೆಯುವ ಕೆಲಸ ತನ್ನದಲ್ಲ ಎಂದು ಹೇಳುವ ಹಕ್ಕು ಅವನಿಗಿತ್ತು. ಹೇಳಲಿಲ್ಲ. ದಿನ ಬೆಳಗಾದರೆ ಫಿನಾಯಿಲ್ ಹಾಕಿ ತಾನೇ ತಿಕ್ಕುತ್ತಿದ್ದ.

ಎಂಟು ವರ್ಷದ ಹಿಂದೆ ಯಾರೋ ಹೊರಗಿನವರು ನುಗ್ಗಿ ನಲ್ಲಿ ಮುರಿದು, ಗೋಡೆಯ ಮೇಲೆ ಬರೆಯಬಾರದ್ದನ್ನೆಲ್ಲ ಬರೆದು ಹೋದರು. ಅಂದೇ ಭೀಮಶ್ಯಾ ಬಾಗಿಲಿಗೆ ಕೊಂಡಿ ಬಡಿದು ಕೀಲಿ ಹಾಕಿದ. ಬೇಕಾದವರು ತನ್ನ ಹತ್ತಿರ ಬಂದು ಚಾವಿ ಇಸಿದುಕೊಂಡು ಹೋಗಿ, ತಿರುಗಿ ತಂದುಕೊಡಬೇಕು. ಮೊದಲ ತಿಂಗಳಲ್ಲೇ ಮೂರು ಚಾವಿ ಕಳೆದುಹೋದವು. ನಾಲ್ಕನೆಯದಕ್ಕೆ ಅವನು ಹಿತ್ತಲಲ್ಲಿ ಬಿದ್ದಿದ್ದ ಹಳೆಯ ನೊಗದಿಂದ ಮೊಳದುದ್ದದ ತುಂಡೊಂದನ್ನು ಕೊಯ್ದು, ತೂತು ಕೊರೆದು, ತಂತಿಯಿಂದ ಬಿಗಿದ. ಯಾವ ಬ್ಯಾಗಿನಲ್ಲೂ ಹಿಡಿಸದ ತುಂಡು ಅದು. ಅಲ್ಲಿಂದ ಮುಂದೆ ಚಾವಿ ಕಳೆಯಲಿಲ್ಲ, ಆಫೀಸಿನ ಹೊರಗಿನ ಅವನ ಮೇಜಿನ ಮೇಲೆ ರಾಜನ ಹಾಗೆ ಬಿದ್ದಿರುತ್ತಿತ್ತು. ಕೇಳುವವರು ಅಪರೂಪವಾದುದನ್ನು ಅವನು ಹುಡುಗಿಯರಿಗೆ ಬಂದ ಶಿಸ್ತೆಂದುಕೊಂಡ. ಮರುವರ್ಷ ತಪಾಸಣೆಗೆ ಬಂದ ತಂಡದವರು, ಇಂಥ ಸ್ವಚ್ಛ ಶೌಚಾಲಯವನ್ನು ಎಲ್ಲಿಯೂ ನೋಡಿಲ್ಲವೆಂದು ಬರೆದುಕೊಟ್ಟರು. ಭೀಮಶ್ಯಾ ಆ ಹಾಳೆಯ ಝೆರಾಕ್ಸ್ ತೆಗೆಸಿ ಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ. ಲೇಡಿ ಲೆಕ್ಚರರುಗಳಿಗೆ ಸ್ಟಾಫ್ ರೂಮಿನ ಹಿಂದೆ ಬೇರೆಯೇ ಇದ್ದುದರಿಂದ ಅವರಾರೂ ಆ ಚಾವಿಯನ್ನು ಮುಟ್ಟಿದವರಲ್ಲ.

ಅವನ ಒಬ್ಬಳೇ ಮಗಳು ಸಾಕ್ಷಿ ಅದೇ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಓದಿನಲ್ಲಿ ಚುರುಕು, ದೇಹದಲ್ಲಿ ಮಾತ್ರ ಯಾಕೋ ಕುಗ್ಗುತ್ತಿದ್ದಳು. ಒಂದೂವರೆ ವರ್ಷದಲ್ಲಿ ಎರಡು ಸಲ ಉರಿಮೂತ್ರವಾಗಿ, ಚಳಿಜ್ವರ ಬಂದು ದವಾಖಾನೆ ಸೇರಿದ್ದಳು. ಎರಡನೆಯ ಸಲ ಡಾಕ್ಟರು ಭೀಮಶ್ಯಾನನ್ನು ಹೊರಗೆ ಕರೆದು, "ಮೂರನೇ ಸಲ ಹಿಂಗಾದ್ರ ಕಿಡ್ನಿಗೆ ಬಡಿತೈತಿ. ನೀರು ಕುಡಿಸ್ರಿ, ನೀರು," ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅವನು ಅಂದೇ ಎರಡು ಲೀಟರಿನ ನೀಲಿ ಬಾಟಲಿ ತಂದ. ಬೆಳಗ್ಗೆ ತಾನೇ ತುಂಬಿಸಿಟ್ಟು ಹೋಗುತ್ತಿದ್ದ, ಸಂಜೆ ಬಂದು ತಾನೇ ಅಲ್ಲಾಡಿಸಿ ನೋಡುತ್ತಿದ್ದ. ದಿನವೂ ಖಾಲಿ. ಆದರೂ ಈ ವಾರ ಹುಡುಗಿಗೆ ಮತ್ತೆ ಸಣ್ಣಗೆ ಜ್ವರ ಶುರುವಾಗಿತ್ತು. ದಿನಕ್ಕೆ ಎರಡು ಲೀಟರ್ ಕುಡಿಯುವ ಹುಡುಗಿಗೆ ಜ್ವರ ಬರುವುದೆಂದರೆ ಡಾಕ್ಟರನ ಓದಿನಲ್ಲೇ ಏನೋ ಕೊರತೆಯಿದೆ ಎಂದು ಅವನು ಹೆಂಡತಿ ಯಶೋಧಾಳ ಮುಂದೆ ಬೈದುಕೊಂಡಿದ್ದ.

ಹೀಗಿರುವಾಗ ವಿದ್ಯಾರ್ಥಿ ಸಮೀಕ್ಷೆಯ ಕಾಲ ಬಂತು. ವಿದ್ಯಾರ್ಥಿಗಳಿಗೆ ಸಿಗುವ ಸೌಲಭ್ಯ ಹೇಗಿದೆ, ಅವರು ಸುಖವಾಗಿದ್ದಾರೆಯೇ ಎಂದು ವಿಶ್ವವಿದ್ಯಾಲಯದವರು ವರ್ಷಕ್ಕೊಮ್ಮೆ ಫಾರ್ಮು ಕಳಿಸುತ್ತಿದ್ದರು. ಕಾಲೇಜಿನಲ್ಲಿ ಅದಕ್ಕೊಂದು ಪದ್ಧತಿ ಬೆಳೆದಿತ್ತು. ರಜೆಯ ದಿನ ಕ್ಲರ್ಕ್ ಬಸಣ್ಣ ಮತ್ತು ಭೀಮಶ್ಯಾ ಎದುರುಬದುರು ಕೂತು, ಹಾಜರಿ ಪುಸ್ತಕ ನೋಡಿ ಒಂದೊಂದು ಫಾರ್ಮಿಗೆ ಒಂದೊಂದು ಹೆಸರು ಬರೆದು, 'ಅತ್ಯುತ್ತಮ' ಎಂಬಲ್ಲಿ ಗುರುತು ಹಾಕುವುದು. ಖರೆ ಅನ್ನಿಸಲಿ ಎಂದು ಹತ್ತಕ್ಕೊಂದು 'ಉತ್ತಮ'. ಪೆನ್ನುಗಳೂ ಎರಡು ಬಣ್ಣದವು. ಇದರಲ್ಲಿ ಮೋಸವಿದೆ ಎಂದು ಇಬ್ಬರಿಗೂ ಒಮ್ಮೆಯೂ ಹೊಳೆದಿರಲಿಲ್ಲ. ಹುಡುಗರಿಗೆ ಯಾಕೆ ತ್ರಾಸ, ಅಷ್ಟೆ.

ಈ ವರ್ಷ ಬಸವನ ಬಾಗೇವಾಡಿಯಿಂದ ವರ್ಗವಾಗಿ ಬಂದ ಸಮಾಜಶಾಸ್ತ್ರದ ಮಂಜರಿ ಮೇಡಂ ಆ ಪದ್ಧತಿಗೆ ಕಲ್ಲು ಹಾಕಿದರು. ಫಾರ್ಮಿಗೆ ತಮ್ಮದೇ ಒಂದು ಹಾಳೆ ಸೇರಿಸಿ, ಹೆಸರು ಬರೆಯಬಾರದು, ಹುಡುಗಿಯರೇ ಕೂತು ತುಂಬಬೇಕು ಎಂದರು.

"ಮೇಡಂ, ನೀವು ಹೊಸದಾಗಿ ಬಂದೀರಿ," ಎಂದರು ಪ್ರಿನ್ಸಿಪಾಲ್ ಗೋವಿಂದರಾಯರು. "ಇಷ್ಟು ವರ್ಷದಾಗ ಒಂದ ಒಂದು ಕಂಪ್ಲೇಂಟ್ ಬಂದಿಲ್ಲ ನೋಡ್ರಿ."

"ಕೇಳದ ಹೆಂಗ ಬರ್ತಾವ್ರಿ ಸರ್?" ಎಂದರು ಮೇಡಂ.

ಶುಕ್ರವಾರ ನೂರಾ ಅರವತ್ತನಾಲ್ಕು ಹುಡುಗಿಯರು ಹಾಲಿನಲ್ಲಿ ಕೂತು ಬರೆದರು. ಶನಿವಾರ ಅರ್ಧ ದಿನದ ಕಾಲೇಜು ಮುಗಿದ ಮೇಲೆ, ಸಾಕ್ಷಿ ಲೈಬ್ರರಿಯಲ್ಲಿ ಓದುತ್ತ ಕೂತಿದ್ದಾಗ, ಮೇಡಂ ಎಣಿಕೆಗೆ ಭೀಮಶ್ಯಾನನ್ನೇ ಕರೆದರು. ಎಸ್.ಎಸ್.ಎಲ್.ಸಿ. ಪಾಸಾದವನು, ಅಕ್ಷರ ಚಲೋ ಓದುತ್ತಾನೆ. ಅವನು ತನ್ನ ಮೇಜಿನ ಮೇಲೇ ಕಟ್ಟು ಬಿಚ್ಚಿ ಒಂದೊಂದೇ ಓದಿ ಹೇಳಬೇಕು, ಅವರು ಗೆರೆ ಎಳೆದು ಲೆಕ್ಕ ಇಡಬೇಕು.

ಒಂಬತ್ತನೆಯ ಪ್ರಶ್ನೆಯ ತನಕ ಎಲ್ಲ ಸುಸೂತ್ರ. ಒಂಬತ್ತನೆಯದು ಹೀಗಿತ್ತು: ಕಾಲೇಜಿಗೆ ಬಂದಾಗಿನಿಂದ ಮನೆ ಮುಟ್ಟುವ ತನಕ ಎಷ್ಟು ಲೋಟ ನೀರು ಕುಡಿಯುತ್ತೀರಿ?

"ಸೊನ್ನಿ," ಎಂದ ಭೀಮಶ್ಯಾ. "ಸೊನ್ನಿ. ಇದೂ ಸೊನ್ನಿರಿ. ಒಂದು. ಸೊನ್ನಿ. ಸೊನ್ನಿ."

ಓದುತ್ತ ಓದುತ್ತ ಅವನ ಸಿಟ್ಟು ನೆತ್ತಿಗೇರಿತು. ಹದಿನೈದು ದಿನಕ್ಕೊಮ್ಮೆ ತಾನೇ ಟ್ಯಾಂಕಿಗೆ ಇಳಿದು ತೊಳೆಯುತ್ತಾನೆ, ಫಿಲ್ಟರ್ ಬದಲಿಸುತ್ತಾನೆ, ಈ ಹುಡುಗಿಯರಿಗೆ ಆ ನೀರು ಸೇರುವುದಿಲ್ಲವೇ? ಏನು ಸೊಕ್ಕು! ಎಣಿಕೆ ಮುಗಿದಾಗ ಸೊನ್ನೆ ಬರೆದವರು ನೂರಾ ಮೂವತ್ತೊಂದು ಮಂದಿ. ಮೇಡಂ ಪೆನ್ನು ಕೆಳಗಿಟ್ಟರು. ಭೀಮಶ್ಯಾನೇ ಮಾತು ತೆಗೆದ.

"ಇವರಿಗೇನು ಬ್ಯಾನಿರಿ ಮೇಡಂ? ನೀರು ಅಮೃತ ಇದ್ದಂಗ ಐತಿ."

"ಕೆಳಗ 'ಯಾಕೆ' ಅಂತ ಕೇಳೇನಿ ಕಾಕಾ. ಅದನ್ನ ಓದ್ರಿ."

ಅವನು ಓದಿದ. "ಹೊರಗೆ ಹೋಗಬೇಕಾಗುತ್ತದೆ." ಮುಂದಿನದು, "ಚಾವಿ." ಅದರ ಮುಂದಿನದು, "ಚಾವಿ ಕೇಳಲು ನಾಚಿಕೆ." ಅವನ ದನಿ ಸಣ್ಣಗಾಯಿತು. "ಕಾಕಾನ ಮೇಜಿನ ಹತ್ತಿರ ಯಾವಾಗಲೂ ಗಂಡಸರು ನಿಂತಿರುತ್ತಾರೆ." ನಂತರ ಒಂದು, "ತಿಂಗಳಿನ ಆ ನಾಲ್ಕು ದಿನ ಕಾಲೇಜಿಗೇ ಬರುವುದಿಲ್ಲ." ಆಮೇಲೆ, "ಭೀಮನ ಗದೆ."

"ಭೀಮನ ಗದಿ? ಹಂಗಂದ್ರೇನ್ರಿ ಕಾಕಾ?"

ಅವನಿಗೂ ಗೊತ್ತಿರಲಿಲ್ಲ. ಮುಂದಿನ ಫಾರ್ಮಿನಲ್ಲಿ ಬಿಡಿಸಿ ಬರೆದಿತ್ತು: ಮರದ ತುಂಡು ಹಿಡಿದು ವರಾಂಡ ದಾಟುವಾಗ ಕಟ್ಟೆಯ ಮೇಲಿನ ಹುಡುಗರು 'ಭೀಮನ ಗದಿ ಹೊಂಟೈತಿ' ಎಂದು ಸೀಟಿ ಹೊಡೆಯುತ್ತಾರೆ. ಇಬ್ಬರೂ ಒಟ್ಟಿಗೆ ಮೇಜಿನ ಆ ತುದಿಗೆ ನೋಡಿದರು. ಎಂಟು ವರ್ಷ ಹುಡುಗಿಯರ ಕೈಯಲ್ಲಿ ಓಡಾಡಿರಬೇಕಾಗಿದ್ದ ನೊಗದ ತುಂಡು ಅಲ್ಲಿ ಬಿದ್ದಿತ್ತು, ಕೊಯ್ದ ಅಂಚು ಇನ್ನೂ ಸವೆದಿರಲಿಲ್ಲ.

ಭೀಮಶ್ಯಾ ಮುಂದಿನ ಫಾರ್ಮು ಎತ್ತಿಕೊಂಡ. ನಿಲ್ಲಿಸಬೇಕು ಅನ್ನಿಸಿತು, ಕೈ ನಿಲ್ಲಲಿಲ್ಲ. ಕಟ್ಟಿನ ಕೊನೆಗೆ ಬಂದಾಗ ಒಂದು ಫಾರ್ಮಿನಲ್ಲಿ ಹೀಗಿತ್ತು: "ನಾನು ಮನೆಯಿಂದ ಬಾಟಲಿ ತರುತ್ತೇನೆ. ಕುಡಿಯುವುದಿಲ್ಲ. ಎರಡು ಸಲ ಆಸ್ಪತ್ರೆಗೆ ಸೇರಿದ್ದೇನೆ. ಕಾರಣವನ್ನು ಮನೆಯಲ್ಲಿ ಹೇಳಿದರೆ ಒಬ್ಬರ ಮನಸ್ಸು ಮುರಿಯುತ್ತದೆ."

ಅದನ್ನು ಅವನು ಜೋರಾಗಿ ಓದಲಿಲ್ಲ. ಬಾಟಲಿ ಯಾರು ತರುವುದಿಲ್ಲ, ದವಾಖಾನೆಗೆ ಯಾರು ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ಯಾರ ಕೈಬರಹವೆಂದು ನೋಡಲು ಧೈರ್ಯವಾಗಲಿಲ್ಲ. ತಲೆನೋವೆಂದು ಮೇಡಂಗೆ ಹೇಳಿ, ಗೇಟು ಹಾಕುವುದನ್ನು ಬಸಣ್ಣನಿಗೆ ವಹಿಸಿ, ಸಿಕ್ಕ ಟಂಟಂ ಆಟೋ ಹತ್ತಿ ಊರು ಮುಟ್ಟಿದ. ಯಶೋಧಾ ಹೊಲಕ್ಕೆ ಹೋಗಿದ್ದಳು. ಬಾಗಿಲು ಎಳೆದುಕೊಂಡು, ಕಿಟಕಿಯ ಪಕ್ಕದಲ್ಲಿ ಕೂತ.

ನಾಲ್ಕೂವರೆಯ ಬಸ್ಸಿಗೆ ಸಾಕ್ಷಿ ಬಂದಳು. ಒಳಗೆ ಯಾರೂ ಇಲ್ಲವೆಂದುಕೊಂಡು ಅಂಗಳದ ಮೂಲೆಯ ಕರಿಬೇವಿನ ಗಿಡದ ಹತ್ತಿರ ನಿಂತು, ನೀಲಿ ಬಾಟಲಿಯ ಮುಚ್ಚಳ ತೆಗೆದು, ಎರಡೂ ಲೀಟರನ್ನು ಬುಡಕ್ಕೆ ಸುರಿದಳು. ಆಮೇಲೆ ಬ್ಯಾಗನ್ನೂ ಇಳಿಸದೆ ಹಿತ್ತಲಿನ ಬಚ್ಚಲಿಗೆ ಓಡಿದಳು. ನೀರು ಹಾಕುವವರಿಲ್ಲದೆಯೂ ಆ ಗಿಡ ಹೇಗೆ ಸೊಂಪಾಗಿದೆ ನೋಡು ಎಂದು ಭೀಮಶ್ಯಾ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಅವಳು ತಿರುಗಿ ಬಂದಾಗ ತಂದೆ ಗಿಡದ ಮುಂದೆ ನಿಂತಿದ್ದ.

"ಯಾವಾಗಿಂದ?" ಎಂದು ಕೇಳಿದ.

"ಬಾಟ್ಲಿ ತಂದಾಗಿಂದ," ಎಂದಳು.

"ಅದಕ್ಕೂ ಮೊದಲ?"

"ಮೊದಲ ಬಾಟ್ಲಿನ ಒಯ್ತಿರಲಿಲ್ಲ. ಫಸ್ಟ್ ಇಯರಿಂದ ಹಿಂಗ ಅಪ್ಪಾ."

"ಸಾಯ್ತಿದ್ದಿಯಲ್ಲ ಹುಚ್ಚಿ! ನನಗೊಂದು ಮಾತು ಹೇಳಾಕ ಏನಾಗಿತ್ತವ್ವಾ?"

ಸಾಕ್ಷಿ ಅಳಲಿಲ್ಲ. "ಹೆಂಗ ಹೇಳ್ಲಿ? ನೀ ದಿನಾ ಮನಿಗೆ ಬಂದು ಅದರದ ಮಾತು ಆಡ್ತಿದ್ದಿ. ಗ್ವಾಡಿಗೆ ಆ ಹಾಳಿ ಬ್ಯಾರೆ ಕಟ್ಟು ಹಾಕ್ಸೀದಿ. ಉಳಿದ ಹುಡುಗ್ಯಾರಿಗೆ ಆ ತುಂಡಿಂದ ಅಷ್ಟ ತ್ರಾಸ. ನನಗ, ಆ ಕಟ್ಟಿ ಮ್ಯಾಲಿನ ಹುಡುಗರು ನಗೋ ಭೀಮನೂ ನಮ್ಮಪ್ಪನ."

ಅವನಿಗೆ ತಾಯಿ ನೆನಪಾದಳು. ಗುಂಡವ್ವನಿಗೆ ಕತ್ತಲು ಎಂಬುದೊಂದಾದರೂ ದಿನವೂ ತಪ್ಪದೆ ಬರುತ್ತಿತ್ತು. ಮೊಮ್ಮಗಳಿಗೆ ಅದೂ ಇರಲಿಲ್ಲ, ತಡೆದವನು ತಾನು. ಹಾಗೆಯೇ ಅವಳ ಕೈ ಹಿಡಿದು ಮುಂದಿನ ಬಸ್ಸಿಗೆ ಸಿಂದಗಿಗೆ ಕರೆದೊಯ್ದ. ಡಾಕ್ಟರು ಎಲ್ಲ ಕೇಳಿಸಿಕೊಂಡು, ರಕ್ತ, ಮೂತ್ರ ತಪಾಸಣೆಗೆ ಕಳಿಸಿ, ಭೀಮಶ್ಯಾನ ಮುಖ ನೋಡದೆ, "ಸೋಮವಾರ ಮಧ್ಯಾಹ್ನ ಫೋನ್ ಮಾಡಿ ಹೇಳ್ತೀನಿ," ಎಂದರು.

ಸೋಮವಾರ ಅವನು ಗೇಟು ತೆಗೆದವನೇ ನೇರ ಆಫೀಸಿನ ಕಪಾಟಿಗೆ ಹೋದ. ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದುದು ಒಟ್ಟು ಲೆಕ್ಕ ಮಾತ್ರ, ಹೋದ ವರ್ಷದ ಸಮೀಕ್ಷೆಯ ಕಟ್ಟು ಧೂಳು ಹಿಡಿದು ಅಲ್ಲೇ ಇತ್ತು. ಹುಡುಕಿದ. ಸಾಕ್ಷಿ ಭೀಮಶ್ಯಾ, ಬಿ.ಎ. ಎರಡನೇ ವರ್ಷ. ಕುಡಿಯುವ ನೀರು: ಅತ್ಯುತ್ತಮ. ಶೌಚಾಲಯ: ಅತ್ಯುತ್ತಮ. ವಿದ್ಯಾರ್ಥಿನಿಯ ಆರೋಗ್ಯ: ಅತ್ಯುತ್ತಮ. ನೀಲಿ ಶಾಯಿ, ತನ್ನದೇ ಕೈಯ ಗುರುತು. ಕೆಳಗಿನ ತಾರೀಖನ್ನು ಎರಡೆರಡು ಸಲ ಓದಿದ. ಅಂದು ಸಾಕ್ಷಿ ಎರಡನೆಯ ಸಲ ದವಾಖಾನೆಯ ಮಂಚದ ಮೇಲಿದ್ದಳು. ಸಲಾಯಿನ್ ಏರುವ ತನಕ ಯಶೋಧಾಳನ್ನು ಕಾಯಲು ಕೂರಿಸಿ, ಬಸಣ್ಣನಿಗೆ ಒಬ್ಬನಿಗೇ ಭಾರವಾಗುತ್ತದೆಂದು ಅವನು ಓಡಿಬಂದು ತುಂಬಿದ ಫಾರ್ಮು ಅದು.

ಅವನು ಸ್ಕ್ರೂಡ್ರೈವರ್ ತಂದು ಶೌಚಾಲಯದ ಬಾಗಿಲಿನ ಕೊಂಡಿಯನ್ನೇ ಕಿತ್ತ. ಒಳಗಿನ ಚಿಲಕಗಳಿಗೆ ಎಣ್ಣೆ ಬಿಟ್ಟ. ಸದ್ದು ಕೇಳಿ ಬಂದ ಗೋವಿಂದರಾಯರು ಹೌಹಾರಿದರು.

"ಏನ್ ಮಾಡಾಕತ್ತಿ ಭೀಮಶ್ಯಾ? ಮುಂದಿನ ತಿಂಗಳ ತಪಾಸಣಿ ಐತಿ, ಎಲ್ಲಾ ಹೊಲಸಾಗ್ತೈತಿ!"

"ಹೊಲಸಾಗ್ಲಿ ಬಿಡ್ರಿ ಸರ್. ತೊಳ್ಯಾಕ ನಾ ಅದೀನಿ."

"ಹೊರಗಿನವರು ಬಂದ್ರ?"

"ಬಾಗಿಲದಾಗ ನಾ ಕುಂದರೂದಿಲ್ರಿ, ಗೇಟಿನ್ಯಾಗ ಕುಂದರ್ತೇನಿ. ಕಟ್ಟಿ ಮ್ಯಾಲ ಕುಂದರೋ ಹುಡುಗರನ್ನ ಮಾತ್ರ ನೀವು ಎಬ್ಬಸ್ರಿ."

ರಾಯರು ಏನೋ ಹೇಳಹೊರಟರು. ಅಷ್ಟರಲ್ಲಿ ಮಂಜರಿ ಮೇಡಂ ಎಣಿಕೆಯ ಹಾಳೆಯನ್ನು ಅವರ ಕೈಗಿಟ್ಟರು. ನೂರಾ ಮೂವತ್ತೊಂದು ಎಂಬಲ್ಲಿ ಅವರ ಕಣ್ಣು ನಿಂತಿತು. ಹನ್ನೊಂದು ಗಂಟೆಗೆ ಕಟ್ಟೆ ಖಾಲಿಯಾಗಿತ್ತು.

ಮಧ್ಯಾಹ್ನ ಡಾಕ್ಟರ ಫೋನು ಬಂತು. ಸೋಂಕು ಮೇಲೇರಲು ಶುರುವಾಗಿತ್ತು, ಕಿಡ್ನಿಗೆ ಇನ್ನೂ ತಾಗಿಲ್ಲ, ಹದಿನಾಲ್ಕು ದಿನದ ಗುಳಿಗೆ, ಮತ್ತೆ ನೀರು. "ಈ ಸಲ ಖರೇನ ಕುಡಿತಾಳಲ್ರಿ?" ಎಂದು ಅವರು ಕೇಳಿದರು. ಭೀಮಶ್ಯಾ ಹೂಂ ಅನ್ನಲಿಲ್ಲ. ಇನ್ನೊಬ್ಬರ ಪರವಾಗಿ ಹೂಂ ಅನ್ನುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

ಸಂಜೆ ಹುಡುಗಿಯರೆಲ್ಲ ಹೋದ ಮೇಲೆ ಬಕೆಟು, ಕಸಬರಿಗೆ ಹಿಡಿದು ಶೌಚಾಲಯಕ್ಕೆ ಹೋದ. ಬಾಗಿಲಲ್ಲೇ ಕಾಲು ನಿಂತುಬಿಟ್ಟಿತು. ನೆಲದ ತುಂಬ ಒದ್ದೆ ಹೆಜ್ಜೆ, ಚಪ್ಪಲಿಯ ಎರೆಮಣ್ಣು, ಮಗುಚಿದ ಮಗ್ಗು, ಸರಿಯಾಗಿ ನಿಲ್ಲಿಸದ ನಲ್ಲಿ. ಎಂಟು ವರ್ಷದಲ್ಲಿ ಅವನು ಇದನ್ನು ನೋಡಿಯೇ ಇರಲಿಲ್ಲ. ಯಾರೂ ತುಳಿಯದ ನೆಲವನ್ನು ಎಂಟು ವರ್ಷ ತಿಕ್ಕಿ, ಅದು ತನ್ನ ಕೈಯ ಕಸುಬೆಂದು ಬೀಗಿದ್ದ. ಬಕೆಟು ಕೆಳಗಿಟ್ಟು ಆ ಹೆಜ್ಜೆಗಳನ್ನು ಬಹಳ ಹೊತ್ತು ನೋಡಿದ, ಆಮೇಲೆ ತೊಳೆದ.

ಮನೆಗೆ ಬಂದಾಗ ನೀಲಿ ಬಾಟಲಿ ಕಟ್ಟೆಯ ಮೇಲಿತ್ತು. ಅಲ್ಲಾಡಿಸಿದ, ಖಾಲಿ. ಒಳಗೆ ಸಾಕ್ಷಿ ತಾಯಿಯ ಜೊತೆ ಮಾತಾಡುತ್ತಿದ್ದಳು. ಅವನು ಅವಳನ್ನು ಏನೂ ಕೇಳಲಿಲ್ಲ. ಅಂಗಳದ ಮೂಲೆಗೆ ಹೋಗಿ ಕರಿಬೇವಿನ ಬುಡದಲ್ಲಿ ಕೂತು ಮಣ್ಣಿಗೆ ಬೆರಳಿಟ್ಟ. ಮಣ್ಣು ಒಣಗಿತ್ತು. ಕಣ್ಣೊರೆಸಿಕೊಂಡು ಎದ್ದು, ಒಂದು ತಂಬಿಗೆ ನೀರು ತಂದು ಗಿಡಕ್ಕೆ ತಾನೇ ಹಾಕಿದ.