ಮೈಕಕ್ಕನ ದನಿ ದಪ್ಪವಾದದ್ದು

ರೈಲು ನಿಲ್ದಾಣದಲ್ಲಿ ಗಾಡಿಗಳ ಸಮಯ ಕೂಗಿ ಹೇಳುವ ಹೆಂಗಸನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಅದೇ ಕೋಣೆ: ಗಾಜಿನ ಕಿಟಕಿ, ಕಿರುಗುಟ್ಟುವ ಫ್ಯಾನು, ಎದುರಿಗೆ ಮೈಕು. ನಲವತ್ತು ದಾಟಿದ ಮೇಲೆ ಅವಳ ದನಿ ಮೆಲ್ಲಗೆ ದಪ್ಪವಾಗತೊಡಗಿತು. "ಈಗ ನಿಮ್ಮ ಮಾತಿಗೊಂದು ತೂಕ ಬಂದಿದೆ" ಎಂದು ಸ್ಟೇಷನ್ ಮಾಸ್ಟರೇ ಹೊಗಳಿದಾಗ ಮೈಕಕ್ಕ ಉಬ್ಬಿಹೋದಳು.

ದರ್ಜಿ ಗಂಡ ಮಾತ್ರ ರೇಗಿಸುತ್ತಿದ್ದ. "ನೀನು ಫೋನ್ ಮಾಡಿದ್ರೆ ನಮ್ಮ ಮಾವನೇ ಅನ್ಕೊಂಡು ಎದ್ದು ನಿಲ್ತೀನಿ ಕಣೆ."

ಬೆರಳಿಗೆ ಸಿಕ್ಕಿಕೊಂಡ ಉಂಗುರವನ್ನು ಅಕ್ಕಸಾಲಿ ಕತ್ತರಿಸಿ ತೆಗೆದಾಗಲೂ, ಚಪ್ಪಲಿ ಎರಡು ನಂಬರು ಏರಿದಾಗಲೂ ವಯಸ್ಸಾಯಿತಲ್ಲ ಎಂದು ಸುಮ್ಮನಾದಳು. ಗುಟ್ಟು ರಟ್ಟಾದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ.

"ಹಲ್ಲಿನ ಮಧ್ಯೆ ಇಷ್ಟು ಸಂದು ಮುಂಚೆ ಇರ್ಲಿಲ್ಲ. ಕೆಳಗಿನ ದವಡೆ ಮುಂದೆ ಬಂದಿದೆ. ಎಲ್ಲಿ, ಕೈ ತೋರ್ಸಿ?"

ಮೈಕಕ್ಕ ಕೈ ಚಾಚಿದಳು. ಡಾಕ್ಟರು ಆ ದಪ್ಪ ಬೆರಳುಗಳನ್ನೇ ನೋಡಿದರು. "ಇದು ಹಲ್ಲಿನ ತೊಂದರೆ ಅಲ್ಲಮ್ಮ. ನಾಳೇನೇ ರಕ್ತ ಪರೀಕ್ಷೆ ಮಾಡಿಸಿ."

ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಮಿತಿಮೀರಿತ್ತು. ಸ್ಕ್ಯಾನ್ ಮಾಡಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಬಟಾಣಿಯಷ್ಟು ಗಡ್ಡೆ ಕಂಡಿತು. ಗಡ್ಡೆ ಎಂಬ ಮಾತು ಕೇಳಿದ್ದೇ ದರ್ಜಿ ಕುರ್ಚಿಯಿಂದ ಎದ್ದು ನಿಂತ.

"ಹೆದರಬೇಡಿ, ಕ್ಯಾನ್ಸರ್ ಅಲ್ಲ," ಎಂದರು ಹಾರ್ಮೋನಿನ ಡಾಕ್ಟರು. "ಈ ಗ್ರಂಥೀಲಿ ಒಂದೊಂದು ಗಡ್ಡೆ ಒಂದೊಂದು ಥರ. ಕೆಲವ್ರಿಗೆ ಬಸುರಿಲ್ಲದೇನೇ ಎದೆಹಾಲು ಬರುತ್ತೆ, ಅಂಥದ್ದು ಹೆಚ್ಚಾಗಿ ಮಾತ್ರೆಗೇ ಕುಗ್ಗುತ್ತೆ. ಕೆಲವ್ರಿಗೆ ಮುಖ ಗುಂಡಗೆ ಊದುತ್ತೆ. ಕೆಲವು ಯಾವ ಹಾರ್ಮೋನೂ ಸುರಿಸಲ್ಲ, ಆದ್ರೆ ಬೆಳೆದು ಕಣ್ಣಿನ ನರ ಒತ್ತುತ್ತೆ. ನಿಮ್ಮದು ಕೈಕಾಲು, ದವಡೆ, ದನಿ ಎಲ್ಲಾನೂ ದಪ್ಪ ಮಾಡೋ ಗಡ್ಡೆ. ಮೂಗಿನೊಳಗಿಂದ ತೆಗೀತಾರೆ."

"ಮೂಗಿಂದಾನಾ? ಹಾಗಾದ್ರೆ ನನ್ನ ದನಿ?" ಮೈಕಕ್ಕನಿಗೆ ತಲೆಗಿಂತ ಗಂಟಲಿನ ಚಿಂತೆ.

"ಹಳೇದು ಪೂರ್ತಿ ವಾಪಸ್ ಬರದೇ ಇರಬಹುದು. ಈಗಿನ ದನೀನೂ ಹೀಗೇ ಇರುತ್ತೆ ಅಂತ ಹೇಳಕ್ಕಾಗಲ್ಲ."

ಆಪರೇಷನ್ ಸುಸೂತ್ರವಾಯಿತು. ಬೆರಳಿನ ಊತ ಇಳಿಯಿತು, ದವಡೆ ಮಾತ್ರ ಬೆಳೆದಷ್ಟೇ ಉಳಿಯಿತು. ಬೆಳೆದ ಮೂಳೆ ಹಿಂದೆ ಸರಿಯುವುದಿಲ್ಲವಲ್ಲ. ಕೆಲವು ದಿನ ಕನ್ನಡಿಯ ಮುಂದೆ ಮುಖ ಸಣ್ಣ ಮಾಡಿಕೊಂಡಳು, ಆಮೇಲೆ ರೂಢಿಯಾಯಿತು. ಎರಡು ತಿಂಗಳಿಗೆ ಮತ್ತೆ ಮೈಕಿನ ಮುಂದೆ ಕೂತಳು. ದನಿ ಕೊಂಚ ತೆಳುವಾಗಿತ್ತು, ತೂಕ ಹೋಗಿರಲಿಲ್ಲ. ಚಹಾದವನು ಗಾಜು ಬಡಿದು, "ಬಂದ್ರಾ ಅಕ್ಕಾ!" ಎಂದ.

ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ದರ್ಜಿಗೆ. "ಇವಳ ಗೊರಕೆ ನಿಂತೇಹೋಯ್ತು! ಡಾಕ್ಟ್ರು ಇದನ್ನ ಮೊದಲೇ ಹೇಳಿದ್ದಿದ್ರೆ ಓಡಿಹೋಗಿ ಆಪರೇಷನ್ನಿಗೆ ಸಹಿ ಹಾಕ್ತಿದ್ದೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

"ನಾನ್ಯಾವತ್ರೀ ಗೊರಕೆ ಹೊಡೆದೆ?" ಎಂದು ಮೈಕಕ್ಕ ಇವತ್ತಿಗೂ ಜಗಳಕ್ಕೆ ನಿಲ್ಲುತ್ತಾಳೆ.