ಊಟಕ್ಕೆ ಮುಂಚಿನ ವಿಷಯ

‘ನಾನೇನೂ ಮಾಡಲಿಲ್ಲ’ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಮನೆಯಲ್ಲಿ ಹಾಲು ಉಕ್ಕಿದಾಗಲೆಲ್ಲ ಈ ಮಾತನ್ನು ಆಡುವವನು ನಾನೇ ಆದ್ದರಿಂದ ಅದರ ಬೆಲೆ ನನಗೆ ಚೆನ್ನಾಗಿ ಗೊತ್ತು.

ನಾವಿರುವ ಪರದೇಶದ ಊರು ಕ್ಲೈನ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಗೆ, ಮಗಳ ಜೊತೆ ಇರಲು ಬಂದಿರುವ ಯಾನ್ ಎಂಬ ಹಿರಿಯರು ಯುರೋಪಿನ ಒಂದು ದೇಶದ ಪ್ರಧಾನಿ ಕಚೇರಿಯಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಗುಮಾಸ್ತರಾಗಿ ಸೇರಿ ಅಲ್ಲಿಯವರೆಗೆ ಏರಿದರಂತೆ. ಎಡದವರು ಗೆದ್ದರು, ಬಲದವರು ಗೆದ್ದರು, ಇಬ್ಬರೂ ಸೇರಿ ಸರ್ಕಾರ ಮಾಡಿ ಕಿತ್ತಾಡಿಕೊಂಡು ಬಿದ್ದರು. ಯಾನ್ ಮಾತ್ರ ಅದೇ ಕುರ್ಚಿಯಲ್ಲಿದ್ದರು. ಹಳೆಯ ಗ್ರೂಪ್ ಫೋಟೋಗಳಲ್ಲಿ ಯಾವುದೋ ಮಂತ್ರಿಯ ಭುಜದ ಹಿಂದೆ ಇವರ ಅರ್ಧ ಕಿವಿ ಕಾಣುತ್ತದೆ. ಅಷ್ಟು ವರ್ಷ ಏನು ಮಾಡಿದಿರಿ ಎಂದರೆ, ಏನೂ ಇಲ್ಲ, ಸಭೆಗೆ ಬರುವ ವಿಷಯಗಳನ್ನು ಜೋಡಿಸುತ್ತಿದ್ದೆ ಎನ್ನುತ್ತಾರೆ. ನಾನು ಬಿಡುವವನೇ? ಬೇಲಿಯ ಈಚೆಯಿಂದ ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟರು. ಜಗಳವಾಗುವಂಥ ವಿಷಯವನ್ನು ಊಟಕ್ಕೆ ಸ್ವಲ್ಪ ಮುಂಚೆ ಇಡುತ್ತಿದ್ದರಂತೆ. ಹಸಿದ ಮಂತ್ರಿಗಳು ವಾದ ಮಾಡುವುದಿಲ್ಲ. ತೆರಿಗೆ, ಗಡಿ, ಒಪ್ಪಂದ ಎಲ್ಲವೂ ಹಾಗೆಯೇ ದಾಟಿದವಂತೆ.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ನಾನು ನಮ್ಮ ಕನ್ನಡ ಕೂಟದ ಅಧ್ಯಕ್ಷ. ಪ್ರತಿ ವರ್ಷವೂ ಅವಿರೋಧ ಆಯ್ಕೆ. ಜನರ ಪ್ರೀತಿ ಎಂದರೆ ಇದು ಎಂದು ಬೀಗುತ್ತಿದ್ದೆ. ಈಗ ನೋಡಿದರೆ, ಕಾರ್ಯದರ್ಶಿ ಶಾಲಿನಿ ಅಧ್ಯಕ್ಷರ ಆಯ್ಕೆಯನ್ನು ಯಾವಾಗಲೂ ಇಡುವುದು ಸಭೆಯ ಕೊನೆಗೆ, ಎಲ್ಲರೂ ಮನೆಯಿಂದ ತಂದ ಪುಳಿಯೋಗರೆ, ಬಿಸಿಬೇಳೆಬಾತುಗಳ ಮುಚ್ಚಳ ತೆಗೆದ ಮೇಲೆ. ಇಷ್ಟು ವರ್ಷ ಜನ ಕೈ ಎತ್ತಿದ್ದು ನನಗಾಗಿಯೋ, ಅನ್ನಕ್ಕಾಗಿಯೋ?

ಈ ಸಲ ಆಯ್ಕೆ ಊಟದ ನಂತರವೇ ಆಗಬೇಕೆಂದು ಹಟ ಹಿಡಿದೆ. ಶಾಲಿನಿ ಮರುಮಾತಿಲ್ಲದೆ ಒಪ್ಪಿದರು. ಅದೂ ನನಗೆ ಅನುಮಾನವೇ.

ಊಟವಾಯಿತು. ಹೊಟ್ಟೆ ತುಂಬಿದವರಿಗೆ ಪ್ರಜಾಪ್ರಭುತ್ವ ನೆನಪಾಯಿತು. ಹಿಂದಿನ ಸಾಲಿನಿಂದ ಯಾರೋ, ಈ ವರ್ಷ ಶಾಲಿನಿಯವರೇ ಅಧ್ಯಕ್ಷರಾಗಲಿ ಎಂದರು. ನಾಲ್ಕಾರು ಜನ ದನಿಗೂಡಿಸಿದರು. ನಿಜ ಹೇಳುತ್ತೇನೆ, ಆ ಕುರ್ಚಿ ನನಗೆ ಬೇಕಾಗಿತ್ತು.

ಶಾಲಿನಿ ಎದ್ದು ನಿಂತರು. “ನಂಗ್ಯಾಕ್ರೀ ಪ್ರೆಸಿಡೆಂಟ್ ಪೋಸ್ಟು? ನಾನು ಸೆಕ್ರೆಟರಿಯಾಗೇ ಇರ್ತೀನಿ. ಪ್ರೆಸಿಡೆಂಟು ಸಾರೇ ಇರ್ಲಿ. ನಾನು ಕೊಟ್ಟಿದ್ದಕ್ಕೆಲ್ಲ ಪಾಪ, ಸೈನ್ ಹಾಕ್ತಾರೆ.”

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಮತ್ತೆ ನಾನೇ ಅಧ್ಯಕ್ಷ, ಮತ್ತೆ ಅವಿರೋಧ. ಹಾರ ಹಾಕಲು ಬಂದವರೂ ಶಾಲಿನಿಯೇ. ಆಕೆ ನನಗಿಂತ ಒಂದಡಿ ಗಿಡ್ಡ. ನಾನೇ ತಲೆ ಬಗ್ಗಿಸಬೇಕಾಯಿತು.